ಮರಳದ ಪೈಲಟ್‌ನ ಜಾಡು: ಮೂರು ದಾಖಲೆಗಳ ಹೋಲಿಕೆ

1941ರಲ್ಲಿ ಉತ್ತರ ಫ್ರಾನ್ಸಿನ ಕಡೆಗೆ ಹಾರಿ ಮರಳದೆ ಹೋದ ಬ್ರಿಟನ್ನಿನ ಸ್ಪಿಟ್‌ಫೈರ್ ಯುದ್ಧವಿಮಾನದ ಒಬ್ಬ ಪೈಲಟ್‌ನ ಗತಿ ಏನಾಯಿತೆಂದು ಹುಡುಕಲು ಮೂರು ದಾರಿಗಳನ್ನು ಹಿಡಿದೆ: ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿ, ಸ್ಕ್ವಾಡ್ರನ್ನಿನ ಕಾರ್ಯಾಚರಣೆ ದಿನಚರಿ, ವಾಯು ಸಚಿವಾಲಯದ ಸಾವುನೋವಿನ ಕಡತ.

ಆಯೋಗದ ಪಟ್ಟಿ ಉಚಿತ, ಹತ್ತು ನಿಮಿಷದ ಕೆಲಸ. ದರ್ಜೆ, ಸೇವಾ ಸಂಖ್ಯೆ, ಸತ್ತ ದಿನ, ಗೋರಿಯ ಸಾಲು ಎಲ್ಲವೂ ಸಿಗುತ್ತವೆ. ಗೋರಿಯೇ ಇಲ್ಲದವರಾದರೆ ರನ್ನಿಮೀಡ್ ಸ್ಮಾರಕದಂಥ ಕಡೆ ಫಲಕದ ಸಂಖ್ಯೆ. 1953ರಲ್ಲಿ ಅನಾವರಣಗೊಂಡ ಆ ಒಂದು ಸ್ಮಾರಕದಲ್ಲೇ 20,000ಕ್ಕೂ ಹೆಚ್ಚು ಹೆಸರುಗಳಿವೆ. ನನ್ನ ಪೈಲಟ್‌ಗೆ ಗೋರಿ ಇತ್ತು. ಅದನ್ನು ಬರೆದುಕೊಂಡು ಮುಂದೆ ಹೋದೆ. ಪುಟದ ಕೆಳಗಿದ್ದ ಸ್ಕ್ಯಾನ್ ಪ್ರತಿಗಳನ್ನು ತೆರೆಯಲಿಲ್ಲ.

ನನ್ನನ್ನು ಹೆಚ್ಚು ಸೆಳೆದದ್ದೂ ಹೆಚ್ಚು ದಾರಿ ತಪ್ಪಿಸಿದ್ದೂ ದಿನಚರಿಯೇ. ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದ ‘ಏರ್ 27’ ಸರಣಿಯಲ್ಲಿ ಇವು ಇವೆ. ನಮೂನೆ 541ರಲ್ಲಿ ವಿಮಾನದ ಸಂಖ್ಯೆ, ಪೈಲಟ್‌ನ ಹೆಸರು, ಏರಿದ ಸಮಯ, ಇಳಿದ ಸಮಯ. ಅವನ ಸಾಲಿನಲ್ಲಿ ಇಳಿದ ಸಮಯದ ಅಂಕಣ ಖಾಲಿ. ಆ ಖಾಲಿ ಜಾಗವನ್ನೇ ನೋಡುತ್ತಾ ಬಹಳ ಹೊತ್ತು ಕುಳಿತಿದ್ದೆ. ಪಕ್ಕದ ವಿವರಣೆ: ಸೇಂಟ್ ಓಮರ್ (ಉತ್ತರ ಫ್ರಾನ್ಸಿನ ಒಳನಾಡಿನ ಊರು) ಬಳಿ ಮೋಡದೊಳಗೆ ಹೋದ, ಮತ್ತೆ ಕಾಣಲಿಲ್ಲ. ಅಲ್ಲೇ ಬಿದ್ದ ಎಂದು ತೀರ್ಮಾನಿಸಿಬಿಟ್ಟೆ.

ಆದರೆ ದಿನಚರಿ ಬರೆದವನಿಗೆ ಗೊತ್ತಿದ್ದದ್ದು ಮರಳಿ ಬಂದವರು ಹೇಳಿದಷ್ಟೇ. 1941ರ ಆಗಸ್ಟ್ 9ರಂದು ಹೆಸರಾಂತ ಬ್ರಿಟಿಷ್ ಯುದ್ಧವಿಮಾನ ಪೈಲಟ್ ಡಗ್ಲಸ್ ಬೇಡರ್ ಮರಳದಿದ್ದಾಗ ಅವನ ಸಂಗಡಿಗರಿಗೂ ತಿಳಿದದ್ದು ‘ನಾಪತ್ತೆ’ ಎಂದಷ್ಟೇ. ಆತ ಜರ್ಮನರ ಸೆರೆಯಲ್ಲಿ ಜೀವಂತವಾಗಿದ್ದ. ಶತ್ರು ವಿಮಾನ ತನಗೆ ಡಿಕ್ಕಿ ಹೊಡೆಯಿತೆಂದು ಅವನು ನಂಬಿದ್ದ. ಸ್ವಪಕ್ಷದ ಗುಂಡೇ ತಾಗಿರಬಹುದೆಂದು ನಂತರದ ಕೆಲವು ಸಂಶೋಧಕರ ವಾದ. ಬದುಕಿ ಬಂದವನ ಪತನದ ಕಥೆಯೇ ಹೀಗಿರುವಾಗ ಮೋಡದಾಚೆಯದನ್ನು ಯಾರು ಕಂಡವರು?

ಸಾವುನೋವಿನ ಕಡತ, ಅಂದರೆ ‘ಏರ್ 81’, ಮೂರರಲ್ಲಿ ತ್ರಾಸದ್ದು. ಹಂತಹಂತವಾಗಿ ಬಿಡುಗಡೆಯಾಗುತ್ತಿರುವುದರಿಂದ ಯುದ್ಧದ ಆರಂಭದ ವರ್ಷಗಳವರಿಗೆ ಮೊದಲ ಅದೃಷ್ಟ. ಸೇವಾ ಸಂಖ್ಯೆಯಲ್ಲೂ ಎಚ್ಚರ ಬೇಕು: ಸಾರ್ಜೆಂಟ್ ಆಗಿದ್ದವನು ಅಧಿಕಾರಿಯಾದಾಗ ಹೊಸ ಸಂಖ್ಯೆ ಪಡೆಯುತ್ತಿದ್ದ, ಹಳೆಯದನ್ನೇ ಹಿಡಿದು ನಾನು ಒಂದು ವಾರ ಕಳೆದೆ. ಆದರೂ ಒಂದನ್ನೇ ಆರಿಸಿಕೊಳ್ಳಿ ಎಂದರೆ ನಾನು ಇದನ್ನೇ ಆರಿಸುತ್ತೇನೆ. ದಿನಚರಿ ಆ ಸಂಜೆಗೆ ಮುಗಿಯುತ್ತದೆ, ಕಡತ ಆ ಸಂಜೆಯಿಂದ ಶುರುವಾಗುತ್ತದೆ. ಮನೆಯವರ ಪತ್ರಗಳು, ಜಿನೀವಾದ ರೆಡ್ ಕ್ರಾಸ್ ಮೂಲಕ ಬಂದ ಜರ್ಮನ್ ಮಾಹಿತಿ ಎಲ್ಲವೂ ಅದರಲ್ಲಿದ್ದವು. ಶವ ಸಿಕ್ಕಿದ್ದು ಸೇಂಟ್ ಓಮರ್ ಬಳಿಯಲ್ಲ; ವಾರಗಳ ನಂತರ ಅಲೆಗಳು ಅದನ್ನು ಒಂದು ಕಡಲತೀರಕ್ಕೆ ತಂದು ಹಾಕಿದ್ದವು. ಮೋಡದಿಂದ ಹೊರಬಂದು, ಸಮುದ್ರದವರೆಗೂ ಮನೆಯ ದಿಕ್ಕಿಗೆ ಹಾರಿದ್ದ.

ಆಮೇಲೆ ಆಯೋಗದ ಸ್ಕ್ಯಾನ್ ಪ್ರತಿಗಳನ್ನು ತೆರೆದೆ. ಶವವನ್ನು ಬೇರೆಡೆಯಿಂದ ತಂದು ಹೂತಿದ್ದಕ್ಕೆ ಒಂದು ನಮೂನೆ ಇತ್ತು. ಮೊದಲು ಹೂತಿದ್ದ ಜಾಗದ ಅಂಕಣದಲ್ಲಿ ಅದೇ ಕಡಲತೀರದ ಹೆಸರು.