ಒಂದೇ ಘಾಟಿ, ನಾಲ್ಕು ಬೆಲ್ಟು: ಗೇರಿಲ್ಲದ ಸ್ಕೂಟರಿನ ಡ್ರೈವ್ ಬೆಲ್ಟುಗಳ ಹೋಲಿಕೆ

ಹೆಬ್ರಿಯ ಮನೆಯಿಂದ ಆಗುಂಬೆಯ ಶಾಲೆಗೆ ಹೋಗಿ ಬರಲು ನನಗೆ ದಿನಕ್ಕೆ ಸುಮಾರು 50 ಕಿಲೋಮೀಟರು ಆಗುತ್ತದೆ. ಸೋಮೇಶ್ವರದವರೆಗೆ ಸ್ಕೂಟರಿಗೆ ಹೇಳಿಕೊಳ್ಳುವಂಥ ಕಷ್ಟವಿಲ್ಲ. ಅಲ್ಲಿಂದ ಮುಂದೆ 14 ಹೇರ್‌ಪಿನ್ ತಿರುವುಗಳ ಘಾಟಿ, ಅದರಲ್ಲಿಯೂ ಮಳೆಗಾಲದ ನಾಲ್ಕು ತಿಂಗಳು ಬಿಡದೆ ಸುರಿಯುವ ನೀರು. 2016ರಲ್ಲಿ ಕೊಂಡ 110 ಸಿಸಿಯ ಅದೇ ಸ್ಕೂಟರಿನಲ್ಲಿ ಈ ದಾರಿಯನ್ನು ಇಷ್ಟು ವರ್ಷ ಓಡಿಸುವಾಗ ಮೂರು ಬಗೆಯ ಡ್ರೈವ್ ಬೆಲ್ಟುಗಳನ್ನು ಹಾಕಿಸಿ ನೋಡಿ, ಕೊನೆಗೆ ಮೊದಲಿನದಕ್ಕೇ ಮರಳಿದ್ದೇನೆ. ಗಾಡಿ ಒಂದೇ, ಸವಾರ ಒಬ್ಬನೇ, ದಾರಿಯೂ ಒಂದೇ ಆದ್ದರಿಂದ ಈ ಹೋಲಿಕೆ ಇತರರಿಗೂ ಉಪಯೋಗಕ್ಕೆ ಬಂದೀತು ಎಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ.

ಬೆಲ್ಟು ಸವೆದರೆ ಏನಾಗುತ್ತದೆ ಎಂಬುದನ್ನು ಮೊದಲು ಹೇಳಬೇಕು; ಇಲ್ಲದಿದ್ದರೆ ಮುಂದಿನ ಅಳತೆಗಳಿಗೆ ಅರ್ಥ ಬರುವುದಿಲ್ಲ. ಗೇರಿಲ್ಲದ ಸ್ಕೂಟರಿನಲ್ಲಿ ಎಂಜಿನ್ನಿನ ಕಡೆ ಒಂದು ಪುಲ್ಲಿ, ಹಿಂದಿನ ಚಕ್ರದ ಕಡೆ ಇನ್ನೊಂದು ಪುಲ್ಲಿ ಇರುತ್ತದೆ. ಎರಡು ಪುಲ್ಲಿಗಳಿಗೂ ಓರೆಯಾದ ಎರಡೆರಡು ತಟ್ಟೆಗಳಿದ್ದು, ಅವು ಹತ್ತಿರ ಬಂದಾಗ ನಡುವಿನ ಬೆಲ್ಟು ಹೊರಗಂಚಿಗೆ ಏರುತ್ತದೆ, ದೂರ ಸರಿದಾಗ ಒಳಕ್ಕೆ ಇಳಿಯುತ್ತದೆ. ಮುಂದಿನ ಪುಲ್ಲಿಯ ಒಳಗಿರುವ ರೋಲರುಗಳು ಎಂಜಿನ್ ವೇಗ ಹೆಚ್ಚಿದಂತೆ ಹೊರಕ್ಕೆ ಸಿಡಿದು ತಟ್ಟೆಯನ್ನು ಒತ್ತುತ್ತವೆ. ಹಿಂದಿನ ಪುಲ್ಲಿಯನ್ನು ಒಂದು ದಪ್ಪ ಸ್ಪ್ರಿಂಗು ಮುಚ್ಚಿ ಹಿಡಿದಿರುತ್ತದೆ. ಹೊರಡುವಾಗ ಬೆಲ್ಟು ಮುಂದೆ ಆಳದಲ್ಲಿ, ಹಿಂದೆ ಅಂಚಿನಲ್ಲಿ ಇರುತ್ತದೆ. ವೇಗ ಏರಿದಂತೆ ಇದು ತಿರುಗುಮುರುಗಾಗುತ್ತದೆ. ಗೇರು ಬದಲಾಯಿಸುವ ಕೆಲಸವನ್ನೆಲ್ಲ ಬೆಲ್ಟಿನ ಈ ಏರಿಳಿತವೇ ಮಾಡುತ್ತದೆ. 1958ರಲ್ಲಿ ಹಾಲೆಂಡಿನ ಡಾಫ್ ಕಾರಿನಲ್ಲಿ ಬಂದ ವ್ಯವಸ್ಥೆಯೂ ಇದೇ ತತ್ವದ್ದು. ನಮ್ಮಲ್ಲಿ ಇದನ್ನು ಮನೆಮನೆಗೆ ಪರಿಚಯಿಸಿದ್ದು 1980ರ ದಶಕದ ಕೈನೆಟಿಕ್ ಹೋಂಡಾ.

ಬೆಲ್ಟು ಸವೆಯುವುದು ಅಗಲದಲ್ಲಿ. ಪುಲ್ಲಿಯ ಎರಡು ತಟ್ಟೆಗಳ ನಡುವಿನ ಕೋನ 30 ಡಿಗ್ರಿಯ ಆಸುಪಾಸಿನಲ್ಲಿದೆ ಎಂದಿಟ್ಟುಕೊಂಡರೆ, ಅಗಲ 1 ಮಿಲಿಮೀಟರು ಕಡಿಮೆಯಾದಾಗ ಬೆಲ್ಟು ಪುಲ್ಲಿಯಲ್ಲಿ ಸುಮಾರು 2 ಮಿಲಿಮೀಟರು ಕೆಳಗೆ ಕೂರುತ್ತದೆ. ಮುಂದಿನ ತಟ್ಟೆಗಳು ಪೂರ್ತಿ ಮುಚ್ಚಿಕೊಂಡರೂ ಬೆಲ್ಟು ಅಂಚಿಗೆ ಏರದ ಕಾರಣ ಎಂಜಿನ್ ಕೂಗುತ್ತದೆ, ವೇಗ ಮಾತ್ರ ಬರುವುದಿಲ್ಲ. ಅನೇಕರು ಇದನ್ನು ಎಂಜಿನ್ನಿನ ದೋಷವೆಂದು ತಿಳಿದು ಕಾರ್ಬ್ಯುರೇಟರು ಬಿಚ್ಚಿಸುತ್ತಾರೆ. ನಾನೂ ಮೊದಲ ಸಲ ಹಾಗೆಯೇ ಮಾಡಿಸಿದ್ದೆ.

ಪ್ರತಿ ಬೆಲ್ಟನ್ನೂ ಮೂರು ರೀತಿಯಲ್ಲಿ ಪರೀಕ್ಷಿಸಿದೆ. ಹಾಕುವಾಗ ಮತ್ತು ಕವರು ಬಿಚ್ಚಿದಾಗಲೆಲ್ಲ ವರ್ನಿಯರ್ ಕ್ಯಾಲಿಪರಿನಿಂದ ನಾಲ್ಕು ಕಡೆ ಅಗಲ ಅಳೆದು, ಅತಿ ಕಡಿಮೆ ಬಂದದ್ದನ್ನು ಬರೆದಿಟ್ಟೆ. ಮುಂದಿನ ಪುಲ್ಲಿಯ ತಟ್ಟೆಯ ಮೇಲೆ ನಡುವಿನಿಂದ ಅಂಚಿನವರೆಗೆ ಮಾರ್ಕರಿನಿಂದ ಗೆರೆ ಎಳೆದು, ಒಂದು ಸುತ್ತು ಪೂರ್ತಿ ವೇಗದಲ್ಲಿ ಓಡಿಸಿ ಬಂದು, ಬೆಲ್ಟು ಗೆರೆಯನ್ನು ಎಲ್ಲಿಯವರೆಗೆ ಅಳಿಸಿದೆ ಎಂದು ನೋಡಿದೆ. ಗೆರೆ ಎಷ್ಟು ಉಳಿದಿದೆಯೋ ಬೆಲ್ಟು ಅಷ್ಟು ಕೆಳಗೇ ನಿಂತಿದೆ ಎಂದರ್ಥ. ಮೂರನೆಯದು ಘಾಟಿಯ 7ನೇ ತಿರುವು. ಅಲ್ಲಿ ಎದುರಿನ ಬಸ್ಸಿಗೆ ದಾರಿ ಬಿಟ್ಟು ನಿಂತು ಮತ್ತೆ ಹೊರಡುವ ಸಂದರ್ಭ ದಿನಕ್ಕೊಂದು ಸಲವಾದರೂ ಬರುತ್ತದೆ. ನಿಂತಲ್ಲಿಂದ ಗಾಡಿ ಹೇಗೆ ಎಳೆಯುತ್ತದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಸಿಕ್ಕಿಲ್ಲ.

ಗಾಡಿಯೊಂದಿಗೆ ಬಂದ ಕಂಪನಿ ಬೆಲ್ಟು 23,400 ಕಿಲೋಮೀಟರು ಓಡಿತು. ಕೈಪಿಡಿಯಲ್ಲಿ 24,000ಕ್ಕೆ ಬದಲಾಯಿಸಬೇಕೆಂದು ಬರೆದಿದೆ. ಮೊದಲ 15,000ದವರೆಗೆ ಯಾವ ವ್ಯತ್ಯಾಸವೂ ತಿಳಿಯಲಿಲ್ಲ. ಆಮೇಲೆ ಸೋಮೇಶ್ವರದ ಕಡೆಯ ನೇರ ರಸ್ತೆಯಲ್ಲಿ ಗಂಟೆಗೆ 80ರ ಹತ್ತಿರ ಹೋಗುತ್ತಿದ್ದ ಗಾಡಿ ನಿಧಾನವಾಗಿ 70ಕ್ಕೆ ಬಂದು ನಿಂತಿತು. ಬಿಚ್ಚಿದಾಗ 18.2 ಮಿ.ಮೀ. ಇರಬೇಕಾದ ಅಗಲ 17.1ಕ್ಕೆ ಇಳಿದಿತ್ತು, ಪಕ್ಕಗಳು ಗಾಜಿನಂತೆ ಹೊಳೆಯುತ್ತಿದ್ದವು. ಆದರೆ ಒಳಬದಿಯ ಹಲ್ಲುಗಳ ಬುಡದಲ್ಲಿ ಕೂದಲೆಳೆಯಂಥ ನಾಲ್ಕಾರು ಬಿರುಕುಗಳ ಹೊರತು ಬೇರೆ ಹಾನಿಯಿರಲಿಲ್ಲ, ರಬ್ಬರಿನೊಳಗಿನ ನೂಲು ಎಲ್ಲಿಯೂ ಹೊರಗೆ ಬಂದಿರಲಿಲ್ಲ. ಆಗ ಇದು ದೊಡ್ಡ ಗುಣವೆಂದು ನನಗೆ ಅನಿಸಿರಲಿಲ್ಲ.

ಎರಡನೆಯದಾಗಿ ಹಾಕಿಸಿದ್ದು 220 ರೂಪಾಯಿಯ ಲೋಕಲ್ ಬೆಲ್ಟು. ಕಂಪನಿ ಬೆಲ್ಟಿಗೆ ಆಗ 480 ರೂಪಾಯಿ ಇತ್ತು. ಅಂಗಡಿಯವರು ಎರಡೂ ಒಂದೇ ಎಂದರು. ಡಬ್ಬಿಯ ಬಣ್ಣವೂ ಬಹುಮಟ್ಟಿಗೆ ಒಂದೇ ಆಗಿತ್ತು. ಹಾಕಿದ ದಿನ ಎಳೆತ ಚೆನ್ನಾಗಿಯೇ ಇತ್ತು, ಅಗಲವೂ 18.1 ಇತ್ತು. ಬೆಲ್ಟು ಕೈಗೆ ತೆಗೆದುಕೊಂಡ ಕೂಡಲೇ ನಮ್ಮ ಮೆಕ್ಯಾನಿಕ್ ಮಾತ್ರ, “ಮಾಷ್ಟ್ರೇ, ಇದು ಬಗ್ಗುವುದಿಲ್ಲ, ಮಡಚಿಕೊಳ್ಳುತ್ತದೆ ನೋಡಿ” ಎಂದಿದ್ದರು. ಆ ಮಾತಿನ ಅರ್ಥ ನನಗೆ ತಿಳಿದದ್ದು 6,100 ಕಿಲೋಮೀಟರು ಕಳೆದ ಮೇಲೆ. ಜುಲೈ ತಿಂಗಳ ಒಂದು ಸಂಜೆ ಘಾಟಿ ಇಳಿಯುವಾಗ ಕವರಿನೊಳಗೆ ಚಾಟಿ ಬೀಸಿದಂಥ ಸದ್ದಾಯಿತು, ಎಂಜಿನ್ನಿನ ಹಿಡಿತ ಒಮ್ಮೆಲೇ ತಪ್ಪಿ ಗಾಡಿ ತಾನಾಗಿ ಓಡತೊಡಗಿತು. ಇಳಿಜಾರಿನಲ್ಲಿ ಆಕ್ಸಿಲರೇಟರು ಬಿಟ್ಟಾಗ ಸ್ವಲ್ಪವಾದರೂ ತಡೆದು ನಿಲ್ಲಿಸುವ ಎಂಜಿನ್ನು ಚಕ್ರಕ್ಕೆ ಅಂಟಿಕೊಂಡಿರುವುದು ಈ ಬೆಲ್ಟಿನ ಮೂಲಕವೇ. ಬ್ರೇಕು ಎರಡೂ ಸರಿಯಿದ್ದುದರಿಂದ ರಸ್ತೆಯ ಪಕ್ಕಕ್ಕೆ ನಿಲ್ಲಿಸಲು ಸಾಧ್ಯವಾಯಿತು. ತುಂಡಾದ ಬೆಲ್ಟು ಕ್ಲಚ್ಚಿಗೆ ಸುತ್ತಿಕೊಂಡು ಹಿಂದಿನ ಚಕ್ರವನ್ನೇ ಹಿಡಿದುಬಿಡುವುದೂ ಉಂಟೆಂದು ಆಮೇಲೆ ಮೆಕ್ಯಾನಿಕ್ ಹೇಳಿದಾಗ, ಉಳಿಸಿದ 260 ರೂಪಾಯಿ ನೆನೆದು ಮನಸ್ಸಿಗೆ ಬಹಳ ನೋವಾಯಿತು.

ಬಿಚ್ಚಿ ನೋಡಿದಾಗ ಆ ಬೆಲ್ಟಿನ ಅಗಲ ಇನ್ನೂ 17.8 ಇತ್ತು. ಅಂದರೆ ಅಳತೆಯ ಪ್ರಕಾರ ಅದು ಬಹುತೇಕ ಹೊಸದೇ. ಆದರೆ ಮೂರು ಹಲ್ಲುಗಳು ಬುಡದಿಂದ ಕಿತ್ತುಬಂದಿದ್ದವು, ರಬ್ಬರು ನೂಲಿನಿಂದ ಪದರ ಪದರವಾಗಿ ಬಿಟ್ಟಿತ್ತು. ಒಳಬದಿಯ ಹಲ್ಲುಗಳು ಇರುವುದೇ ಬೆಲ್ಟು ಚಿಕ್ಕ ಸುತ್ತಿನಲ್ಲಿ ಸುಲಭವಾಗಿ ಬಗ್ಗಲಿ, ನಡುವೆ ಗಾಳಿಯಾಡಿ ಬಿಸಿ ಕಡಿಮೆಯಾಗಲಿ ಎಂದು. ಘಾಟಿ ಏರುವಾಗ ಬೆಲ್ಟು ಮುಂದಿನ ಪುಲ್ಲಿಯ ಆಳದಲ್ಲಿಯೇ, ಅಂದರೆ ಅತಿ ಚಿಕ್ಕ ಸುತ್ತಿನಲ್ಲಿ, ಬಹಳ ಹೊತ್ತು ಭಾರ ಎಳೆಯುತ್ತದೆ. ರಬ್ಬರು ಒರಟಾಗಿದ್ದರೆ ಬಾಗುವ ಜಾಗದಲ್ಲಿಯೇ ಸೀಳುತ್ತದೆ. ಊರೊಳಗೆ ಮಾತ್ರ ಓಡಾಡುವವರ ಗಾಡಿಯಲ್ಲಿ ಇದೇ ಬೆಲ್ಟು ಇನ್ನಷ್ಟು ಕಾಲ ಬಾಳುತ್ತಿತ್ತೇನೋ. ಆದರೂ ಸವೆಯದೆ ಸಾಯುವ ಬೆಲ್ಟನ್ನು ಅಳೆದು ಪ್ರಯೋಜನವಿಲ್ಲ ಎಂಬುದು ನನಗೆ ಅಂದು ಮನದಟ್ಟಾಯಿತು. ಎಷ್ಟು ಓಡಿತು ಎಂಬುದಕ್ಕಿಂತ ಹೋಗುವ ಮೊದಲು ಸೂಚನೆ ಕೊಟ್ಟಿತೇ ಎಂಬುದನ್ನೇ ಅಂದಿನಿಂದ ಮುಖ್ಯ ಪ್ರಶ್ನೆಯಾಗಿ ಇಟ್ಟುಕೊಂಡಿದ್ದೇನೆ.

ಮೂರನೆಯದು, ಬೆಲ್ಟುಗಳನ್ನೇ ತಯಾರಿಸುವ ಕಂಪನಿಯೊಂದು ತನ್ನ ಹೆಸರಿನಲ್ಲಿಯೇ ಮಾರುವ ಬೆಲ್ಟು. ಆಗ ಬೆಲೆ 360 ರೂಪಾಯಿ. ಅಗಲ 18.2, ಬಗ್ಗಿಸಿದಾಗ ಕೈಗೆ ಮೆತ್ತಗೆ, ತಿರುಗುವ ದಿಕ್ಕಿಗೆ ಬಾಣದ ಗುರುತು ಸ್ಪಷ್ಟವಾಗಿತ್ತು. 19,800 ಕಿಲೋಮೀಟರಿಗೆ ಅಗಲ 17.2 ಆದಾಗ ತೆಗೆಸಿದೆ. ಮಾರ್ಕರಿನ ಗೆರೆ ಹೊಸದರಲ್ಲಿ ಅಂಚಿನಿಂದ 2 ಮಿ.ಮೀ. ಉಳಿದಿದ್ದು, ಕೊನೆಗೆ 4 ಮಿ.ಮೀ. ಉಳಿಯುವಂತಾಗಿತ್ತು, ಕೋನದ ಲೆಕ್ಕ ಹೇಳಿದ್ದೂ ಅಷ್ಟೇ. ಕಂಪನಿ ಬೆಲ್ಟಿಗಿಂತ ಸ್ವಲ್ಪ ಬೇಗ ಸವೆದರೂ ಸವೆದ ರೀತಿ ಅದರಂತೆಯೇ ಸಮನಾಗಿತ್ತು. ಒಂದೇ ದೂರೆಂದರೆ, ಮಳೆಗಾಲದ ಬೆಳಗ್ಗೆ ತಣ್ಣಗಿರುವಾಗ ಹೊರಡುವ ಮೊದಲ ಕೆಲವು ಮಾರು ಗಾಡಿ ಗಡಗಡನೆ ನಡುಗುತ್ತಿತ್ತು. ಕ್ಲಚ್ ಬೆಲ್ಲನ್ನು, ಅಂದರೆ ಕ್ಲಚ್ಚು ಒಳಗಿನಿಂದ ಹಿಡಿಯುವ ಬಟ್ಟಲನ್ನು, ಉಪ್ಪುಕಾಗದದಿಂದ ಉಜ್ಜಿಸಿದರೂ ಅದು ಪೂರ್ತಿ ಹೋಗಲಿಲ್ಲ.

ನಾಲ್ಕನೆಯದನ್ನು ಆನ್‌ಲೈನಿನಲ್ಲಿ 1,050 ರೂಪಾಯಿಗೆ ತರಿಸಿದೆ. ಕೆವ್ಲಾರ್ ನೂಲಿನ ಬೆಲ್ಟು. 1965ರಲ್ಲಿ ಡುಪಾಂಟ್ ಕಂಪನಿಯ ರಸಾಯನ ವಿಜ್ಞಾನಿ ಸ್ಟೆಫನಿ ಕ್ವೊಲೆಕ್ ಕಂಡುಹಿಡಿದ ಈ ನೂಲು ಗುಂಡು ತಡೆಯುವ ಅಂಗಿಗೂ ಬಳಕೆಯಾಗುತ್ತದೆ, ತೂಕಕ್ಕೆ ಹೋಲಿಸಿದರೆ ಉಕ್ಕಿಗಿಂತ ಬಲವಾದದ್ದು. ತುಂಡಾದ ಬೆಲ್ಟಿನ ಭಯ ಮನಸ್ಸಿನಲ್ಲಿ ಇದ್ದುದರಿಂದ ಇದಕ್ಕಿಂತ ಉತ್ತಮವಾದದ್ದು ಇರಲಾರದು ಎಂದುಕೊಂಡಿದ್ದೆ. ಬಲದ ವಿಷಯದಲ್ಲಿ ಅದು ಮೋಸ ಮಾಡಲಿಲ್ಲ: 17,200 ಕಿಲೋಮೀಟರು ಓಡಿದ ಮೇಲೂ ಒಂದು ಬಿರುಕಿರಲಿಲ್ಲ, ಅಗಲದಲ್ಲಿ ಕೇವಲ 0.4 ಮಿ.ಮೀ. ಸವೆದಿತ್ತು.

ತೊಂದರೆ ಬೇರೆ ಕಡೆಯಿತ್ತು. ಹೊಸದರಲ್ಲಿಯೇ ಅದರ ಅಗಲ 18.6 ಇತ್ತು. ಅಗಲವಾದ ಬೆಲ್ಟು ಒಳ್ಳೆಯದೇ ಅಲ್ಲವೇ ಎಂದು ತೋರುತ್ತದೆ. ನೇರ ರಸ್ತೆಯಲ್ಲಿ ನಿಜವಾಗಿಯೂ ಒಳ್ಳೆಯದೇ ಆಯಿತು, ಗಾಡಿ ಹಿಂದೆಂದಿಗಿಂತ ಹಗುರವಾಗಿ ವೇಗ ಹಿಡಿದು ಓಡಿತು. ಆದರೆ 7ನೇ ತಿರುವಿನಲ್ಲಿ ನಿಂತು ಹೊರಡುವಾಗ ಹಿಂದೆ ಹೆಂಡತಿ ಕುಳಿತಿದ್ದರೆ ಎಂಜಿನ್ನು ಏದುಸಿರು ಬಿಡುತ್ತಿತ್ತು. ಕಾರಣ ಯೋಚಿಸಿದರೆ ಸರಳ: ಮುಂದಿನ ತಟ್ಟೆಗಳು ಎಷ್ಟು ಅಗಲಿಸಿದರೂ ಅಗಲವಾದ ಬೆಲ್ಟು ಆಳಕ್ಕೆ ಇಳಿಯದೆ ಮೇಲೆಯೇ ನಿಲ್ಲುತ್ತದೆ, ಆದ್ದರಿಂದ ಏರಿಗೆ ಬೇಕಾದ ‘ಮೊದಲ ಗೇರು’ ಸಿಗುವುದೇ ಇಲ್ಲ. ಇದರ ಜೊತೆಗೆ ಮುಂದಿನ ಪುಲ್ಲಿಯ ತಟ್ಟೆಯಲ್ಲಿ ಉಗುರಿಗೆ ಸಿಗುವಂಥ ಗೀರು ಬಿದ್ದಿತ್ತು. ಬೆಲ್ಟು ಗಟ್ಟಿಯಾದಾಗ ಸವೆತ ಪುಲ್ಲಿಯ ಪಾಲಿಗೆ ಬಂತೆಂದು ನಾನು ಭಾವಿಸುತ್ತೇನೆ, ಆ ಪುಲ್ಲಿಯ ಬೆಲೆಯಲ್ಲಿ ಎರಡು ಕಂಪನಿ ಬೆಲ್ಟು ಬರುತ್ತದೆ. ಸರಿಯಾದ ಅಳತೆಯಲ್ಲಿ ಇದೇ ನೂಲಿನ ಬೆಲ್ಟು ಸಿಕ್ಕರೆ ನನ್ನ ಅಭಿಪ್ರಾಯ ಬದಲಾಗಬಹುದು. ಗಾಡಿಯ ಹೆಸರು ಹೊಂದಿದರೆ ಸಾಲದು. ಉದ್ದ, ಅಗಲ, ಕೋನ ಮೂರೂ ಹೊಂದಬೇಕು.

ಹಾಗಾಗಿ ಐದನೆಯ ಸಲ ಕಂಪನಿ ಬೆಲ್ಟಿಗೇ ಮರಳಿದೆ. ಬೆಲ್ಟು ತಯಾರಕರ ಬೆಲ್ಟನ್ನೂ ನಾನು ಹಿಂಜರಿಕೆಯಿಲ್ಲದೆ ಹಾಕಿಸಿಕೊಳ್ಳುತ್ತೇನೆ; ಕೆಳಗಿನ ಬಯಲು ರಸ್ತೆಯಲ್ಲಿ ಮಾತ್ರ ಓಡಾಡುವ ನನ್ನ ತಮ್ಮನಿಗೆ ಅದನ್ನೇ ಹೇಳಿದ್ದೇನೆ. ನಾನು ಕೊಂಡಾಗಿನ ಬೆಲೆಯ ವ್ಯತ್ಯಾಸ ನೂರಿಪ್ಪತ್ತು ರೂಪಾಯಿ, ಆಯುಷ್ಯದ ವ್ಯತ್ಯಾಸ ಪ್ರಮಾಣದಲ್ಲಿ ಅದಕ್ಕಿಂತ ಕಡಿಮೆಯೇ. ಘಾಟಿಯ ಗಾಡಿಗೆ ಮಾತ್ರ ಚಳಿಯ ಬೆಳಗಿನ ನಡುಕವಿಲ್ಲದ ಕಂಪನಿ ಬೆಲ್ಟೇ ನನ್ನ ಆಯ್ಕೆ, ಅದೂ ಕೈಪಿಡಿಯ 24,000ಕ್ಕೆ ಕಾಯದೆ 18,000ಕ್ಕೆ ಬದಲಾವಣೆ.

ಯಾವ ಬೆಲ್ಟು ಕೊಂಡರೂ ಹಾಕುವ ಕೈ ಸರಿಯಿಲ್ಲದಿದ್ದರೆ ಹಣ ನೀರಿನಲ್ಲಿ ಹೋದಂತೆ. ಮೂರು ಕಡೆ ಮಾಡಿಸಿ, ಈಗ ಮೆಕ್ಯಾನಿಕ್ ಎದುರಿನಲ್ಲಿ ನಾನೇ ಮಾಡುತ್ತೇನೆ. ಎಲ್ಲಕ್ಕಿಂತ ಹೆಚ್ಚು ತಪ್ಪುವುದು ಮುಂದಿನ ಪುಲ್ಲಿಯ ನಟ್ಟು ಬಿಗಿಯುವಲ್ಲಿ. ಬೆಲ್ಟನ್ನು ಮೊದಲು ಹಿಂದಿನ ಪುಲ್ಲಿಯ ತಟ್ಟೆಗಳನ್ನು ಅಗಲಿಸಿ ಆಳಕ್ಕೆ ಒತ್ತಬೇಕು. ಆಗ ಮುಂದೆ ಸಡಿಲ ಸಿಗುತ್ತದೆ. ಹಾಗೆ ಮಾಡದೆ ಹೊರತಟ್ಟೆ ಕೂರಿಸಿದರೆ ಬೆಲ್ಟು ತಟ್ಟೆಗಳ ನಡುವೆ ಸಿಕ್ಕಿಕೊಂಡು, ನಟ್ಟು ಬಿಗಿಯಾದಂತೆ ಕಂಡರೂ ನಿಜವಾಗಿ ಬಿಗಿದಿರುವುದಿಲ್ಲ. ಸ್ವಲ್ಪ ದೂರ ಓಡಿದ ಮೇಲೆ ತಟ್ಟೆ ಅಲುಗಾಡಿ ಕ್ರ್ಯಾಂಕಿನ ಹಲ್ಲುಗಳನ್ನೇ ತಿನ್ನುತ್ತದೆ, ಆಗ ಖರ್ಚು ಸಾವಿರಗಳಲ್ಲಿ ಬರುತ್ತದೆ. ಪುಲ್ಲಿ ತಿರುಗದಂತೆ ಹಿಡಿಯಲು ಫ್ಯಾನಿನ ರೆಕ್ಕೆಗಳ ನಡುವೆ ಸ್ಕ್ರೂಡ್ರೈವರ್ ಸಿಕ್ಕಿಸುವವರನ್ನು ತಡೆಯಬೇಕು. ರೆಕ್ಕೆ ಮುರಿದರೆ ಬೆಲ್ಟಿಗೆ ಸಿಗುವ ಗಾಳಿಯೂ ಕಡಿಮೆಯಾಗುತ್ತದೆ. ತಟ್ಟೆಗಳನ್ನು ಒರೆಸಿದ ಬಟ್ಟೆಯಲ್ಲಿ ಗ್ರೀಸಿನ ಅಂಶ ಇರಬಾರದು. ಕವರಿನ ಗ್ಯಾಸ್ಕೆಟ್ಟು ಹರಿದಿದ್ದರೆ ಹೊಸದು ಹಾಕಿಸುವುದು ನಮ್ಮ ಮಳೆಗೆ ಕಡ್ಡಾಯ, ನೀರು ಒಳಗೆ ಹೋದ ದಿನ ಎಷ್ಟೇ ಒಳ್ಳೆಯ ಬೆಲ್ಟಾದರೂ ಜಾರುತ್ತದೆ. ರೋಲರುಗಳ ಒಂದು ಬದಿ ಚಪ್ಪಟೆಯಾಗಿದ್ದರೆ ಅವುಗಳನ್ನೂ ಆರೂ ಒಟ್ಟಿಗೇ ಬದಲಾಯಿಸಬೇಕು, ಇಲ್ಲವಾದರೆ ಹೊಸ ಬೆಲ್ಟಿನ ಪೂರ್ತಿ ಫಲ ಸಿಗುವುದಿಲ್ಲ.

ಈಗಿನ ಬೆಲ್ಟು 11,200 ಕಿಲೋಮೀಟರು ಓಡಿದೆ. ಕಳೆದ ಭಾನುವಾರ ಕವರು ತೆಗೆದು ಅಳೆದಾಗ 17.7 ಬಂತು, ಹಲ್ಲುಗಳ ಬುಡ ಶುದ್ಧವಾಗಿದೆ. ಮುಂದಿನ ಅಳತೆ ಮೇ ಕೊನೆಯಲ್ಲಿ, ಮೊದಲ ಮಳೆ ಘಾಟಿಗೆ ಬೀಳುವ ಮುಂಚೆ.