6 ಅಡಿ 4 ಇಂಚಿನ ನಾನು, ನನ್ನ ಪುಟ್ಟ ಎಂಜಿಬಿ: ಏಳು ವರ್ಷದ ಅನುಭವ

ಇಂಗ್ಲೆಂಡಿನ ಕೊವೆಂಟ್ರಿ ಸುತ್ತಮುತ್ತಲಿನ ಕನ್ನಡದ ಗೆಳೆಯರು ನನ್ನ ಗಾಡಿ ನೋಡಿದಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. "ಇದರೊಳಗೆ ನೀವು ಹೇಗೆ ಹಿಡಿಸ್ತೀರಿ?" ನಾನು 6 ಅಡಿ 4 ಇಂಚು. ಗಾಡಿ ಎಂಜಿ ಅನ್ನುವ ಬ್ರಿಟಿಷ್ ಕಂಪನಿಯ 1966ರ ಎಂಜಿಬಿ ರೋಡ್‌ಸ್ಟರ್. ಎರಡೇ ಸೀಟು, ಬಟ್ಟೆಯ ಟಾಪ್. ಏಳು ವರ್ಷದಲ್ಲಿ 19 ಸಾವಿರ ಮೈಲಿ ಓಡಿಸಿದ್ದೇನೆ. ಈಗ ಆರಾಮಾಗಿ ಕೂರುತ್ತೇನೆ. ಮೂರು ಗಂಟೆ ಓಡಿಸಿ ಇಳಿದರೂ ಸೊಂಟ ಹಿಡಿಯುವುದಿಲ್ಲ. ಆದರೆ ಕೊಂಡ ದಿನ ಹಾಗಿರಲಿಲ್ಲ. ಮೊದಲ ಎರಡು ವರ್ಷ ಬೇಡದ ಕಡೆ ದುಡ್ಡು ಹಾಕಿದೆ. ನನ್ನ ಹಾಗೆ ಎತ್ತರ ಇರುವ ಇನ್ನೊಬ್ಬರಿಗೆ ಹಾಗಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಕೊಳ್ಳುವ ಮೊದಲು ಮೂರು ಗಾಡಿಗಳಲ್ಲಿ ಕೂತು ನೋಡಿದ್ದೆ. ಮೊದಲು ಎಂಜಿ ಮಿಡ್ಜೆಟ್. ತುಂಬಾ ಮುದ್ದಾದ ಗಾಡಿ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ 80 ಇಂಚು ಅಷ್ಟೇ. ಹೇಗೋ ಒಳಗೆ ಹೋಗಿ ಕೂತೆ. ಆಕ್ಸಿಲರೇಟರ್‌ನಿಂದ ಬ್ರೇಕಿಗೆ ಬಲಗಾಲು ಎತ್ತಿದೆ, ಮಂಡಿ ಸ್ಟೀರಿಂಗ್ ಚಕ್ರದ ಕೆಳಗೆ ತಾಗಿ ಅಲ್ಲೇ ನಿಂತುಬಿಟ್ಟಿತು. ಪಾದವನ್ನು ಓರೆ ಮಾಡಿ ಎಳೆದುಕೊಂಡರೆ ಮಾತ್ರ ಬ್ರೇಕ್ ಸಿಗುತ್ತಿತ್ತು. ಗಾಡಿ ನಿಂತಿದ್ದಾಗಲೇ ಹೀಗೆ ಅಂದರೆ ಮಗು ರಸ್ತೆಗೆ ಓಡಿ ಬಂದಾಗ ಏನು ಗತಿ? ಥ್ಯಾಂಕ್ಸ್ ಹೇಳಿ ಇಳಿದೆ. ಆಮೇಲೆ ಟ್ರಯಂಫ್ ಸ್ಪಿಟ್‌ಫೈರ್. ಇದು 83 ಇಂಚು. ಕಾಲು ಚಾಚಲು ಪರವಾಗಿಲ್ಲ ಅನ್ನಿಸಿತು. ಆದರೆ ಮುಂದಿನ ಗಾಜಿನ ಮೇಲಂಚಿನ ಪಟ್ಟಿ ಸರಿಯಾಗಿ ನನ್ನ ಕಣ್ಣಿನ ಎದುರಿಗೇ ಬಂತು.

ಎಂಜಿಬಿಯದು 91 ಇಂಚು. ಇದರ ಹಿಂದಿನ ಎಂಜಿಎ ಇದಕ್ಕಿಂತ ಮೂರು ಇಂಚು ಜಾಸ್ತಿಯೇ ಇತ್ತು. ಆದರೆ ಅದಕ್ಕೆ ಬೇರೆ ಚಾಸಿ, ಅಂದರೆ ಕೆಳಗಿನ ಕಬ್ಬಿಣದ ಚೌಕಟ್ಟು, ಅದರ ಮೇಲೆ ಬಾಡಿ. 1962ರಲ್ಲಿ ಆಬಿಂಗ್ಡನ್ ಕಾರ್ಖಾನೆಯಿಂದ ಎಂಜಿಬಿ ಬಂದಾಗ ಬಾಡಿಯೇ ಚಾಸಿಯಾಯಿತು. ಹಾಗಾಗಿ ಹೊರಗೆ ಚಿಕ್ಕದಾದರೂ ಒಳಗೆ ಜಾಗ ಜಾಸ್ತಿ. ಉದ್ದ ಕಾಲಿನವರಿಗೆ ಇದು ವರ. ನಾನು 1966ರ ಗಾಡಿಯನ್ನೇ ಹುಡುಕಿದ್ದಕ್ಕೂ ಕಾರಣ ಇದೆ. 1967ರ ಕೊನೆಗೆ ಬಂದ ಎರಡನೇ ಮಾದರಿ ಮಾರ್ಕ್ 2ರಲ್ಲಿ ಹೊಸ ಗೇರ್‌ಬಾಕ್ಸ್ ಹಿಡಿಸಲು ನಡುವಿನ ಟನಲ್, ಅಂದರೆ ಗೇರ್‌ಬಾಕ್ಸ್ ಮೇಲಿನ ನೆಲದ ಉಬ್ಬು, ಅಗಲ ಮಾಡಿದರು. ಹಳೆಯದರಲ್ಲಿ ಟನಲ್ ಸಣ್ಣದು, ಎಡಗಾಲಿಗೆ ಸ್ವಲ್ಪ ಜಾಗ ಸಿಗುತ್ತದೆ. ಅದರ ಬದಲು ಫಸ್ಟ್ ಗೇರಿಗೆ ಸಿಂಕ್ರೊಮೆಶ್ (ಓಡುವಾಗಲೂ ಗೇರ್ ಸುಲಭವಾಗಿ ಬೀಳುವಂತೆ ಮಾಡುವ ವ್ಯವಸ್ಥೆ) ಇಲ್ಲ. ಗಾಡಿ ಪೂರ್ತಿ ನಿಂತ ಮೇಲೆ ಹಾಕಬೇಕು. ಒಂದು ವಾರದಲ್ಲಿ ಅಭ್ಯಾಸವಾಯಿತು.

ಈಗ ನನಗೆ ತಡವಾಗಿ ಗೊತ್ತಾದ ವಿಷಯ. ನೀವು ಎಷ್ಟು ಎತ್ತರ ಅನ್ನುವುದಕ್ಕಿಂತ ಆ ಎತ್ತರ ಮೈಯಲ್ಲಿ ಎಲ್ಲಿದೆ ಅನ್ನುವುದು ಮುಖ್ಯ. ನನ್ನ ಗೆಳೆಯ ಒಬ್ಬ 6 ಅಡಿ 3 ಇಂಚು. ಅವನು ನನ್ನ ಗಾಡಿಯಲ್ಲಿ ಕೂತರೆ ಗಾಜಿನ ಮೂಲಕ ರಸ್ತೆ ಚೆನ್ನಾಗಿ ಕಾಣುತ್ತದೆ. ನಾನು ಕೂತರೆ ಕಣ್ಣೆದುರಿಗೆ ಪಟ್ಟಿ. ಇಬ್ಬರಿಗೂ ಇರುವ ವ್ಯತ್ಯಾಸ ಒಂದೇ ಇಂಚು, ಹೀಗೇಕೆ? ಒಂದು ಭಾನುವಾರ ಊಟ ಆದ ಮೇಲೆ ಇಬ್ಬರೂ ಹಾಲ್‌ನಲ್ಲಿ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತೆವು. ನನ್ನ ಹೆಂಡತಿ ನಮ್ಮ ತಲೆಯ ಮೇಲೆ ಪುಸ್ತಕ ಇಟ್ಟು ಗೋಡೆಗೆ ಪೆನ್ಸಿಲ್ ಗೆರೆ ಎಳೆದಳು. ನನ್ನದು ನೆಲದಿಂದ 40 ಇಂಚು, ಅವನದು ಮೂವತ್ತೇಳೂವರೆ. ಅವನ ಎತ್ತರವೆಲ್ಲ ಕಾಲಲ್ಲಿ, ನನ್ನದು ಬೆನ್ನಲ್ಲಿ. ಆ ಎರಡೂವರೆ ಇಂಚು ಅಳೆಯಲು ಹತ್ತು ನಿಮಿಷ ಸಾಕಿತ್ತು. ಅದನ್ನು ಮೊದಲೇ ಮಾಡಿದ್ದರೆ ಸೀಟು ಹಿಂದಕ್ಕೆ ಸರಿಸುವ ಕೆಲಸಕ್ಕೆ ದುಡ್ಡು ಹಾಕುತ್ತಲೇ ಇರಲಿಲ್ಲ. ನನಗೆ ಬೇಕಾಗಿದ್ದದ್ದು ಸೀಟು ಕೆಳಗಿಳಿಯುವುದು.

ಉದ್ದ ಬೆನ್ನಿನವರ ಕಷ್ಟ ಗೊತ್ತಾಗುವುದು ಟ್ರಾಫಿಕ್ ಸಿಗ್ನಲ್‌ನಲ್ಲಿ. ಬಿಳಿ ಗೆರೆಯ ತನಕ ಹೋಗಿ ನಿಂತರೆ ಪಕ್ಕದ ಕಂಬದ ದೀಪ ಗಾಜಿನ ಪಟ್ಟಿಯ ಮೇಲೆ ಹೋಗಿ ಮರೆಯಾಗುತ್ತದೆ. ತಲೆ ಬಗ್ಗಿಸಿ ಸ್ಟೀರಿಂಗ್ ಮೇಲೆ ಗಲ್ಲ ಇಟ್ಟರಷ್ಟೇ ಕಾಣುತ್ತದೆ. ಇಲ್ಲಿ ಸಾಮಾನ್ಯವಾಗಿ ಜಂಕ್ಷನ್‌ನ ಆಚೆ ಬದಿಯಲ್ಲೂ ಒಂದು ದೀಪ ಇರುತ್ತದೆ, ಅದನ್ನು ನೋಡಿಕೊಂಡು ಹೊರಡಬಹುದು. ಆದರೆ ಎದುರಿಗೆ ಲಾರಿ ನಿಂತರೆ ಅದೂ ಇಲ್ಲ. ಮೊದಲ ವರ್ಷವೆಲ್ಲ ಪಕ್ಕದಲ್ಲಿ ಕೂತ ಹೆಂಡತಿ "ರೀ, ಹಸಿರಾಯ್ತು, ಹೊರಡಿ" ಅಂತ ಹೇಳುತ್ತಿದ್ದಳು. ಒಬ್ಬನೇ ಇದ್ದಾಗ ಗೆರೆಗಿಂತ ಒಂದು ಗಾಡಿ ಉದ್ದ ಹಿಂದೆಯೇ ನಿಲ್ಲುತ್ತಿದ್ದೆ.

ಸೀಟು ಇಳಿಸುವ ಕೆಲಸ ಶುರು ಮಾಡಿದ್ದು ಮನೆ ಮುಂದೆಯೇ. ಈ ಗಾಡಿಯಲ್ಲಿ ಸೀಟಿನ ಕೆಳಗೆ ಅದು ಹಿಂದೆ ಮುಂದೆ ಜಾರುವ ಎರಡು ಕಬ್ಬಿಣದ ರನ್ನರ್ ಇವೆ, ಅದರ ಕೆಳಗೆ ಎರಡು ಮರದ ಪಟ್ಟಿ, ಅದರ ಕೆಳಗೆ ನೆಲ. ನಾಲ್ಕು ಬೋಲ್ಟು. ಸೀಟು ಪೂರ್ತಿ ಹಿಂದಕ್ಕೆ ತಳ್ಳಿದರೆ ಮುಂದಿನ ಎರಡು ಕಾಣುತ್ತವೆ, ಮುಂದಕ್ಕೆ ಎಳೆದರೆ ಹಿಂದಿನ ಎರಡು. ಮೂರು ಸುಲಭವಾಗಿ ಬಂದವು. ಹಿಂದಿನ ಎಡಗಡೆಯದು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಬಲ ಹಾಕಿದರೆ ನೆಲಕ್ಕೆ ಬೆಸೆದ ನಟ್ಟೇ ಕಿತ್ತು ಬಂದು ಸುಮ್ನೆ ಸುತ್ತುತ್ತದೆ, ಆಮೇಲೆ ವೆಲ್ಡಿಂಗ್ ಕೆಲಸ. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿ ಪೂರ್ತಿ ಬಿಟ್ಟೆ. ಬೆಳಿಗ್ಗೆ ಸ್ವಲ್ಪ ಬಿಗಿ ಮಾಡಿ, ಸ್ವಲ್ಪ ಸಡಿಲ ಮಾಡಿ, ಮತ್ತೆ ಬಿಗಿ ಮಾಡಿ, ಹೀಗೇ ಆಡಿಸುತ್ತಾ ಅರ್ಧ ಗಂಟೆಗೆ ಬಿಚ್ಚಿದೆ. ಮರದ ಪಟ್ಟಿಯ ಅಡಿಭಾಗ ನೆನೆದು ಕಪ್ಪಾಗಿತ್ತು. ದಪ್ಪ ಅರ್ಧ ಇಂಚು.

ಎರಡೂ ಪಟ್ಟಿ ತೆಗೆದು ರನ್ನರ್ ನೇರವಾಗಿ ಕೂರಿಸಿದೆ. ಕಾರ್ಪೆಟ್ ರನ್ನರ್ ಅಡಿ ಸಿಕ್ಕಿಕೊಂಡು ಸೀಟು ಜಾರುತ್ತಲೇ ಇರಲಿಲ್ಲ. ಅಲ್ಲಿ ಅಷ್ಟಗಲ ಕಾರ್ಪೆಟ್ ಕತ್ತರಿಸಿ, ಬೋಲ್ಟಿಗೆ ಒಂದೊಂದು ವಾಷರ್ ಹಾಕಿದೆ. ಒಂದು ವಾರ ಓಡಿಸಿದ ಮೇಲೆ ಇನ್ನೊಂದು ಗೊತ್ತಾಯಿತು. ಸೀಟು ಸಮನಾಗಿ ಇಳಿದರೆ ಮಂಡಿ ಮೇಲೇಳುತ್ತದೆ, ತೊಡೆಗೆ ಆಸರೆ ಇಲ್ಲ, ಭಾರವೆಲ್ಲ ಸೊಂಟದ ಮೇಲೆ. ಹಾಗಾಗಿ ಮುಂದುಗಡೆ ಅರ್ಧ ಇಂಚಿನ ತುಂಡು ಮತ್ತೆ ಇಟ್ಟೆ, ಹಿಂದುಗಡೆ ಮಾತ್ರ ಇಳಿಸಿದೆ. ಸೀಟು ಸ್ವಲ್ಪ ಹಿಂದಕ್ಕೆ ವಾಲಿತು. ತಲೆ ಕೆಳಗೆ ಬಂತು, ತೊಡೆಗೆ ಆಸರೆಯೂ ಸಿಕ್ಕಿತು. ಖರ್ಚು ವಾಷರಿಗೆ ಮಾತ್ರ. ಏಳು ವರ್ಷದಲ್ಲಿ ನಾನು ಮಾಡಿದ್ದರಲ್ಲಿ ಅತಿ ಹೆಚ್ಚು ಉಪಯೋಗ ಆಗಿದ್ದು ಇದೇ. ಒಂದು ಮಾತು, ಇನ್ನೂ ಇಳಿಸಬೇಕು ಅಂತ ನೆಲ ಕತ್ತರಿಸಲು ಹೋಗಬೇಡಿ. ಸೀಟಿನ ಕೆಳಗೆ ಅಡ್ಡಲಾಗಿ ಒಂದು ಪೆಟ್ಟಿಗೆಯಂಥ ತೊಲೆ ಇದೆ. ಚಾಸಿ ಇಲ್ಲದ ಗಾಡಿಗೆ ಅದೇ ಬಲ.

ಎರಡನೇ ವರ್ಷ ಒಂದು ದೊಡ್ಡ ತಪ್ಪಾಯಿತು. ಹಳೆಯ ಸೀಟಿಗೆ ಹೆಡ್‌ರೆಸ್ಟ್ ಇಲ್ಲ. ಹಿಂದಿನಿಂದ ಯಾರಾದರೂ ಗುದ್ದಿದರೆ ನನ್ನ ಕುತ್ತಿಗೆಗೆ ಯಾವ ಆಸರೆಯೂ ಇಲ್ಲ. ಈ ಚಿಂತೆ ಬಿಡಲೇ ಇಲ್ಲ. ಮೊದಲ ಮಾದರಿಯ ಮಾಜ್ದಾ ಎಂಎಕ್ಸ್-5 ಗಾಡಿಯ ಸೀಟಿಗೆ ಹೆಡ್‌ರೆಸ್ಟ್ ಸೇರಿಕೊಂಡೇ ಇರುತ್ತದೆ, ಅಗಲವೂ ಎಂಜಿಬಿಗೆ ಹೊಂದುತ್ತದೆ. ಇಲ್ಲಿ ತುಂಬಾ ಜನ ಹಾಕಿಸಿಕೊಂಡಿದ್ದಾರೆ. ಗುಜರಿಯಿಂದ ಒಂದು ತಂದು ಒಂದು ವರ್ಕ್‌ಶಾಪ್‌ಗೆ ಕೊಟ್ಟೆ. ಅವರು ತೆಳು ತಗಡಿನ ಎಲ್ ಆಕಾರದ ತುಂಡು ಬೆಸೆದು ಕೂರಿಸಿಕೊಟ್ಟರು. ನೋಡಲು ಚೆನ್ನಾಗಿತ್ತು. ಮೂರನೇ ವಾರ ಒಂದು ರೌಂಡ್‌ಅಬೌಟ್ ಹತ್ತಿರ ಜೋರಾಗಿ ಬ್ರೇಕ್ ಹಾಕಿದೆ. ಟಕ್ ಅಂತ ಸದ್ದು. ಸೀಟು ಬಲಕ್ಕೆ ವಾಲಿತು, ನಾನು ಬಾಗಿಲಿಗೆ ಒರಗಿಕೊಂಡೇ ಗಾಡಿ ಬದಿಗೆ ತಂದೆ. ಬಗ್ಗಿ ನೋಡಿದರೆ ಒಂದು ಬೆಸುಗೆ ಪೂರ್ತಿ ಬಿಟ್ಟಿತ್ತು. ಆ ದಿನ ಕೈ ನಡುಗಿದ್ದು ಇನ್ನೂ ನೆನಪಿದೆ. ಅದೇ ವಾರ ಹಳೆಯ ಸೀಟು ವಾಪಸ್ ಹಾಕಿದೆ.

ಎಂಎಕ್ಸ್-5 ಸೀಟು ಮತ್ತೆ ಬಂದದ್ದು ನಾಲ್ಕನೇ ವರ್ಷ. ಈ ಸಲ ದಪ್ಪ ಉಕ್ಕಿನ ಚಪ್ಪಟೆ ಪಟ್ಟಿ, ಹಳೆಯ ನಾಲ್ಕು ಬೋಲ್ಟಿನ ತೂತಿಗೇ ಸರಿಯಾಗಿ. ಹೊಸ ತೂತು ಒಂದೂ ಇಲ್ಲ. ಆದರೆ ಆ ಸೀಟಿನ ಮೆತ್ತೆ ದಪ್ಪ. ನನ್ನನ್ನು ಒಂದು ಇಂಚಿಗೂ ಜಾಸ್ತಿ ಮೇಲೆತ್ತಿತು, ಸಿಗ್ನಲ್ ಮತ್ತೆ ಮಾಯ! ಎತ್ತರದ ಎಂಎಕ್ಸ್-5 ಮಾಲೀಕರು ಇದಕ್ಕೆ ಮಾಡುವ ಉಪಾಯವನ್ನೇ ನಾನೂ ಮಾಡಿದೆ. ಕವರ್ ಬಿಚ್ಚಿ, ಕೂರುವ ಜಾಗದ ಫೋಮ್ ತೆಗೆಸಿ, ತೆಳುವಾದ ಗಟ್ಟಿ ಫೋಮ್ ಹಾಕಿಸಿದೆ. ಇದರಿಂದ ಎರಡು ಲಾಭ. ಗಾಜಿನ ಲೆಕ್ಕದಲ್ಲಿ ತಲೆ ಕೆಳಗೆ ಬಂತು. ಸೀಟಿನ ಬೆನ್ನಿನ ಲೆಕ್ಕದಲ್ಲೂ ಕೆಳಗೆ ಬಂತು, ಅಂದರೆ ಹೆಡ್‌ರೆಸ್ಟ್ ಈಗ ಕುತ್ತಿಗೆಗಲ್ಲ, ಕಿವಿಯ ಮಟ್ಟಕ್ಕೆ ಸಿಗುತ್ತದೆ. ಪಕ್ಕದ ಸೀಟು ಹಳೆಯದೇ ಇದೆ. ಎರಡು ಸೀಟು ಎರಡು ಥರ ಕಾಣುತ್ತದೆ ಅಂತ ಕೆಲವರು ಹೇಳುತ್ತಾರೆ. ಇರಲಿ. ಕುತ್ತಿಗೆ ನನ್ನದು.

ಸ್ಟೀರಿಂಗ್ ಚಕ್ರ ಬದಲಿಸಿದ್ದು ಮೂರನೇ ವರ್ಷ. ಹಳೆಯದು ಹದಿನಾರೂವರೆ ಇಂಚು. ತೆಳ್ಳನೆಯ ಅಂಚು, ನೋಡಲು ತುಂಬಾ ಚಂದ. ಆದರೆ ತಿರುವಿನಲ್ಲಿ ಕೈ ತೊಡೆಗೆ ತಾಗುತ್ತಿತ್ತು. ಮೋಟೋ-ಲೀಟಾ ಕಂಪನಿಯ 14 ಇಂಚಿನ ಮರದ ಚಕ್ರ ಹಾಕಿದೆ. ತೊಡೆಯ ಮೇಲೆ ಒಂದೂಕಾಲು ಇಂಚು ಜಾಗ ಸಿಕ್ಕಿತು. ಕೇಳಲು ಕಡಿಮೆ, ಆದರೆ ಬಲಗಾಲು ಬ್ರೇಕಿಗೆ ಹೋಗುವ ದಾರಿಯಲ್ಲಿ ಈಗ ಏನೂ ಅಡ್ಡ ಬರುವುದಿಲ್ಲ. ನಡುಭಾಗ ಒಳಗೆ ತಗ್ಗಿರುವ ಚಕ್ರ ಕೊಳ್ಳಬೇಡಿ, ಅದು ಎದೆಯ ಕಡೆಗೆ ಬರುತ್ತದೆ. ಚಪ್ಪಟೆಯಾಗಿರುವುದು ತೆಗೆದುಕೊಳ್ಳಿ. ಪಾರ್ಕಿಂಗ್ ಮಾಡುವಾಗ ತಿರುಗಿಸಲು ಮೊದಲಿಗಿಂತ ಭಾರ. ಪವರ್ ಸ್ಟೀರಿಂಗ್ ಇಲ್ಲದ ಗಾಡಿ ಅಲ್ವಾ. ಟೈರಿಗೆ ಗಾಳಿ ಸರಿಯಾಗಿದ್ದರೆ ತೊಂದರೆ ಇಲ್ಲ.

ಪಾದದ ವಿಷಯ ಯಾರೂ ಹೇಳುವುದಿಲ್ಲ. ಎತ್ತರದವರ ಪಾದವೂ ದೊಡ್ಡದು. ನನ್ನದು ಇಲ್ಲಿನ 12ನೇ ನಂಬರ್. ದಪ್ಪ ಅಟ್ಟೆಯ ಬೂಟು ಹಾಕಿ ಬ್ರೇಕ್ ತುಳಿದರೆ ಪಕ್ಕದ ಪೆಡಲೂ ಜೊತೆಗೆ ಹೋಗುತ್ತದೆ. ಹೆಡ್‌ಲೈಟ್ ಡಿಪ್ ಮಾಡುವ ಬಟನ್ ಬೇರೆ ನೆಲದ ಮೇಲೆ, ಕ್ಲಚ್ ಪಕ್ಕದಲ್ಲೇ. ಎಡಗಾಲು ಇಡುವ ಜಾಗದಲ್ಲೇ ಅದು ಇರುತ್ತದೆ. ತೆಳು ಅಟ್ಟೆಯ, ಅಗಲ ಕಡಿಮೆ ಇರುವ ಶೂ ಒಂದು ಜೊತೆ ಗಾಡಿಯಲ್ಲೇ ಇಟ್ಟಿದ್ದೇನೆ. ಬಾಗಿಲ ಗಾಜು ಇಳಿಸುವ ಹಿಡಿ ಬಲಮಂಡಿಗೆ ಒತ್ತುತ್ತಿತ್ತು. ಗಾಜು ಪೂರ್ತಿ ಏರಿಸಿದಾಗ ಹಿಡಿ ಮುಂದಕ್ಕೆ ಬರುವ ಹಾಗೆ ಬಿಚ್ಚಿ ತಿರುಗಿಸಿ ಹಾಕಿದೆ, ಐದು ನಿಮಿಷದ ಕೆಲಸ.

ಸೀಟ್ ಬೆಲ್ಟ್ ಬಗ್ಗೆ ಮಾತ್ರ ಉದಾಸೀನ ಬೇಡ. ಬೆಲ್ಟ್ ಹೊರಡುವ ಜಾಗ ಭುಜಕ್ಕಿಂತ ತುಂಬಾ ಕೆಳಗಿದ್ದರೆ ಡಿಕ್ಕಿಯಾದಾಗ ಅದು ಭುಜವನ್ನು ಕೆಳಕ್ಕೆ ಜಗ್ಗುತ್ತದೆ, ಪೆಟ್ಟು ಬೆನ್ನುಮೂಳೆಗೆ. ಸೀಟು ಇಳಿಸಿದ್ದರಿಂದ ಇದೂ ಸ್ವಲ್ಪ ಸುಧಾರಿಸಿತು. ಸೀಟು, ಸ್ಟೀರಿಂಗ್ ಬದಲಿಸಿದ್ದನ್ನು ಇನ್ಶೂರೆನ್ಸ್‌ನವರಿಗೆ ಹೇಳಿ ಬರೆಸಿಕೊಂಡಿದ್ದೇನೆ. 2018ರ ಮೇ ತಿಂಗಳಿಂದ ಬ್ರಿಟನ್‌ನಲ್ಲಿ 40 ವರ್ಷ ದಾಟಿದ, ದೊಡ್ಡ ಬದಲಾವಣೆ ಮಾಡದ ಗಾಡಿಗೆ ಎಂಒಟಿ ಅನ್ನುವ ವಾರ್ಷಿಕ ಸುರಕ್ಷತಾ ಪರೀಕ್ಷೆ ಕಡ್ಡಾಯವಲ್ಲ. ಆದರೂ ಪ್ರತಿ ವರ್ಷ ಮಾಡಿಸುತ್ತೇನೆ. ಆ ಬೆಸುಗೆ ಬಿಟ್ಟ ದಿನದಿಂದ ಸೀಟಿನ ಬೋಲ್ಟು ಇನ್ನೊಬ್ಬರ ಕಣ್ಣಿಗೂ ಬೀಳಲಿ ಅಂತ.

ಸರಿಹೋಗದೇ ಉಳಿದದ್ದೂ ಇದೆ. ಮಳೆಯಲ್ಲಿ ವೈಪರ್ ಒರೆಸುವ ಜಾಗ ನನ್ನ ಕಣ್ಣಿನ ಮಟ್ಟಕ್ಕಿಂತ ಕೆಳಗೇ ಮುಗಿಯುತ್ತದೆ. ಸ್ವಲ್ಪ ಕುಗ್ಗಿ ಓಡಿಸಬೇಕು. ಟಾಪ್ ಹಾಕಿದರೆ ಬಟ್ಟೆ ತಲೆಗೂದಲಿಗೆ ತಾಗುತ್ತದೆ. ಟಾಪ್ ತೆಗೆದು 50 ಮೈಲಿ ವೇಗ ದಾಟಿದರೆ ಗಾಜಿನ ಮೇಲಿಂದ ಬರುವ ಗಾಳಿ ನೇರ ಹಣೆಗೆ. ಬಿಗಿಯಾದ ಟೋಪಿ, ಕನ್ನಡಕ ಬೇಕೇ ಬೇಕು. ನನಗಿಂತಲೂ ಉದ್ದ ಬೆನ್ನಿನವರಾದರೆ ರೋಡ್‌ಸ್ಟರ್ ಬಿಟ್ಟು ಎಂಜಿಬಿಯದೇ ಇನ್ನೊಂದು ರೂಪವಾದ ಬಿಜಿಟಿ ನೋಡಿ. ಅದಕ್ಕೆ ಗಟ್ಟಿ ಛಾವಣಿ, ಮುಂದಿನ ಗಾಜೂ ರೋಡ್‌ಸ್ಟರ್‌ಗಿಂತ ಎತ್ತರ. ಬಿಸಿಲಿಗೆ ಮುಖ ಒಡ್ಡಿ ಓಡಿಸುವ ಸುಖ ಇಲ್ಲ, ಆದರೆ ಸಿಗ್ನಲ್ ಕಾಣುತ್ತದೆ. ಯಾವುದೇ ಆಗಲಿ, ಕೊಳ್ಳುವ ಮೊದಲು ಅರ್ಧ ಗಂಟೆಯಾದರೂ ಓಡಿಸಿ ನೋಡಿ. ಐದು ನಿಮಿಷಕ್ಕೆ ಎಲ್ಲ ಸೀಟೂ ಚೆನ್ನಾಗಿಯೇ ಇರುತ್ತದೆ.

ಹೋದ ಬೇಸಿಗೆಯಲ್ಲಿ ವೇಲ್ಸ್‌ನ ಸ್ನೋಡೋನಿಯಾಗೆ ಹೋಗಿ ಬಂದೆವು. ಒಂದು ದಿಕ್ಕಿಗೇ ನೂರು ಮೈಲಿಗೂ ಜಾಸ್ತಿ. ಬೆಟ್ಟದ ತಿರುವುಗಳಲ್ಲಿ 1798 ಸಿಸಿ ಎಂಜಿನ್ನಿನ ಆ ಸದ್ದು, ಕೈಗೆ ಸಿಗುವ ರಸ್ತೆಯ ಒರಟು, ಏಳು ವರ್ಷ ಪಟ್ಟ ಪಾಡೆಲ್ಲ ಸಾರ್ಥಕ ಅನ್ನಿಸಿತು. ಸಂಜೆ ಹೋಟೆಲ್ ಮುಂದೆ ಇಳಿದಾಗ ಸೊಂಟಕ್ಕೆ ಕೈ ಕೊಡದೆ ನೆಟ್ಟಗೆ ನಿಂತೆ. ಹೆಂಡತಿ ಅದನ್ನು ಗಮನಿಸಿ "ಪರವಾಗಿಲ್ವೇ" ಅಂದಳು.

ಬಿಚ್ಚಿದ ಯಾವುದನ್ನೂ ನಾನು ಎಸೆದಿಲ್ಲ. ಹಳೆಯ ಸೀಟು ಬೆಡ್‌ಶೀಟ್ ಸುತ್ತಿಕೊಂಡು ಶೆಡ್‌ನಲ್ಲಿದೆ, ದೊಡ್ಡ ಸ್ಟೀರಿಂಗ್ ಗೋಡೆಯ ಮೊಳೆಗೆ ತೂಗುತ್ತಿದೆ. ನೆನೆದ ಮರದ ಪಟ್ಟಿ ಒಣಗಿಸಿ, ಎಣ್ಣೆ ಹಚ್ಚಿ, ನಾಲ್ಕು ಬೋಲ್ಟಿನ ಜೊತೆ ಒಂದು ಚೀಲದಲ್ಲಿ ಕಟ್ಟಿಟ್ಟಿದ್ದೇನೆ. ಮಗಳಿಗೆ ಮಾರ್ಚ್‌ಗೆ 17 ತುಂಬುತ್ತದೆ, ಡ್ರೈವಿಂಗ್ ಕಲಿಯುವ ವಯಸ್ಸು. ಲೈಸೆನ್ಸ್ ಬಂದ ಮೇಲೆ ಈ ಗಾಡಿ ಓಡಿಸಬೇಕು ಅಂತ ಈಗಲೇ ಹೇಳುತ್ತಿದ್ದಾಳೆ. ಅವಳು 5 ಅಡಿ 3 ಇಂಚು. ಮೊನ್ನೆ ನನ್ನ ಸೀಟಿನಲ್ಲಿ ಕೂತು ನೋಡಿದಳು, ಕ್ಲಚ್‌ಗೆ ಕಾಲು ಎಟುಕಲಿಲ್ಲ, ಸ್ಟೀರಿಂಗ್ ಮೇಲಿಂದ ರಸ್ತೆ ಕಾಣಲಿಲ್ಲ. ಶೆಡ್‌ಗೆ ಹೋಗಿ ಆ ಚೀಲ ಹುಡುಕಿ ತಂದು ಮುಂದೆ ಇಟ್ಟಿದ್ದೇನೆ.