ಐದು ಮಳೆಗಾಲ ಕಂಡ ನಮ್ಮ ಎರಡು ಸುತ್ತಿನ ಬೇಲಿ

ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶದಲ್ಲಿ ನಮ್ಮದು ಎಲೆಕ್ಟ್ರಿಕಲ್ ಪ್ಯಾನೆಲ್ ಮಾಡುವ ಸಣ್ಣ ಘಟಕ. ಒಂದೂವರೆ ಎಕರೆ ಜಾಗ. ಹಿಂದಿನ ಯಾರ್ಡಿನಲ್ಲಿ ತಾಮ್ರದ ಕೇಬಲ್ ಡ್ರಮ್ಮು, ಬಸ್‌ಬಾರು (ಪ್ಯಾನೆಲ್ ಒಳಗೆ ಕರೆಂಟು ಹರಿಯುವ ತಾಮ್ರದ ಪಟ್ಟಿ) ಇರುತ್ತವೆ. ಮೇಂಟೆನೆನ್ಸ್ ನನ್ನ ಜವಾಬ್ದಾರಿ. 2019ರಲ್ಲಿ ಕಳ್ಳತನ ಆಯಿತು, 2020ರ ಜನವರಿಯಲ್ಲಿ ಎರಡು ಸುತ್ತಿನ ಬೇಲಿ ಹಾಕಿಸಿದೆವು. ಹಾಕಿದ ವಾರವೇ ಬರೆದಿದ್ದರೆ ಬಣ್ಣ ಚೆನ್ನಾಗಿದೆ ಅಂತ ಬರೆಯುತ್ತಿದ್ದೆ. ಈಗ ಐದು ಮಳೆಗಾಲದ ಉಪ್ಪು ಗಾಳಿ ಕುಡಿದಿದೆ, ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ಆ ಕಳ್ಳತನ ಹೇಗಾಯಿತು ಅನ್ನುವುದನ್ನು ಮೊದಲು ಹೇಳಬೇಕು. ನಮಗೆ ಮೂರು ಕಡೆ ಕೆಂಪು ಕಲ್ಲಿನ ಕಂಪೌಂಡು, ಹಿಂದೆ ತೋಡಿನ (ಸಣ್ಣ ಹಳ್ಳದ) ಬದಿಗೆ ಏಳು ಅಡಿಯ ಚೈನ್‌ಲಿಂಕ್. ಚೈನ್‌ಲಿಂಕ್ ಅಂದರೆ ತಂತಿಯ ಎಳೆಗಳನ್ನು ಒಂದಕ್ಕೊಂದು ಸುರುಳಿ ಸುತ್ತಿ ಹೆಣೆದದ್ದು. ಒಂದು ಎಳೆ ಕತ್ತರಿಸಿ ತಿರುಗಿಸುತ್ತಾ ಎಳೆದರೆ ಸಾಕು, ಮೇಲಿಂದ ಕೆಳಗಿನವರೆಗೆ ಬಲೆ ಎರಡಾಗಿ ಬಿಚ್ಚಿಕೊಳ್ಳುತ್ತದೆ. ಬಂದವರು ಹಾಗೇ ಮಾಡಿದ್ದರು. ಹೋಗುವಾಗ ಬೈಂಡಿಂಗ್ ತಂತಿಯಿಂದ ಮತ್ತೆ ಕಟ್ಟಿಟ್ಟು ಹೋಗಿದ್ದರು. ವಾಚ್‌ಮ್ಯಾನ್ ಆ ರಾತ್ರಿ ಅದೇ ಜಾಗದಲ್ಲಿ ಎರಡು ರೌಂಡು ಹೊಡೆದಿದ್ದಾರೆ, ಗೊತ್ತೇ ಆಗಿಲ್ಲ. ನಾನು ಬೆಳಿಗ್ಗೆ ಕೈಯಲ್ಲಿ ಸವರಿದಾಗ ಗಂಟು ಸಿಕ್ಕಿತು. ಬೇಲಿ ಇತ್ತು, ಆದರೆ ಯಾರೋ ಒಳಗೆ ಬಂದರು ಅಂತ ಹೇಳುವ ಬಾಯಿ ಅದಕ್ಕೆ ಇರಲಿಲ್ಲ.

ಹೊಸ ವ್ಯವಸ್ಥೆ ಹೀಗಿದೆ. ಚೈನ್‌ಲಿಂಕನ್ನು ತೆಗೆಯಲಿಲ್ಲ, ಅದೇ ಹೊರ ಸುತ್ತು. ಅದರ ಒಳಬದಿಗೆ ಹತ್ತಿರದಲ್ಲೇ ಎಂಟು ಸಾಲಿನ ಪಲ್ಸ್ ತಂತಿ, ಅಂದರೆ ಬಿಟ್ಟುಬಿಟ್ಟು ಕರೆಂಟಿನ ಹೊಡೆತ ಹರಿಯುವ ತಂತಿ; ಆ ಹೊಡೆತ ಕಳಿಸಲು ಸೈರನ್ ಇರುವ ಎನರ್ಜೈಸರ್ ಅನ್ನುವ ಯಂತ್ರ. ಕಂಪೌಂಡಿನ ಮೇಲೂ ಇದೇ ತಂತಿ, ಜೊತೆಗೆ ಬ್ಲೇಡಿನಂಥ ಮುಳ್ಳುಗಳ ಸುರುಳಿ ತಂತಿ. ಆಮೇಲೆ ನಾಲ್ಕು ಮೀಟರ್ ಖಾಲಿ ಜಾಗ, ಬರೀ ಜಲ್ಲಿ. ಅದಾದ ಮೇಲೆ ಯಾರ್ಡಿನ ಸುತ್ತ ಮಾತ್ರ ಎಂಟು ಅಡಿಯ 358 ಮೆಶ್. ಇಡೀ ಜಾಗಕ್ಕೆ ಎರಡನೇ ಬೇಲಿ ಹಾಕುವ ದುಡ್ಡು ನಮ್ಮಲ್ಲಿ ಇರಲಿಲ್ಲ, ಅದರ ಅಗತ್ಯವೂ ಇಲ್ಲ. ಕಳ್ಳನಿಗೆ ಬೇಕಾದದ್ದು ತಾಮ್ರ, ಕ್ಯಾಂಟೀನ್ ಅಲ್ಲ.

358 ಅಂದರೆ ಮಾಡೆಲ್ ನಂಬರ್ ಅಂದುಕೊಂಡಿದ್ದೆ. ಅದು ಅಳತೆ. ಬಲೆಯ ಕಣ್ಣು 3 ಇಂಚು ಅಗಲ, ಅರ್ಧ (0.5) ಇಂಚು ಎತ್ತರ, ತಂತಿಯ ದಪ್ಪ 8 ಗೇಜು. ಪ್ರತಿ ಕೂಡಿಕೆಗೂ ವೆಲ್ಡ್ ಇರುತ್ತದೆ. ನನ್ನ ಕಿರುಬೆರಳು ಉಗುರಿನ ತನಕ ಹೋಗಿ ನಿಲ್ಲುತ್ತದೆ. ಹತ್ತಲು ಕಾಲಿಗೆ ಹಿಡಿತವಿಲ್ಲ, ಕಟ್ಟರ್‌ನ ಮೂತಿಯೂ ಒಳಗೆ ತೂರುವುದಿಲ್ಲ. ಆದರೂ ಬೆಳಕು, ಗಾಳಿ ಹಾದುಹೋಗುತ್ತದೆ, ಕ್ಯಾಮೆರಾಗೆ ಅಡ್ಡ ಇಲ್ಲ. ಚೈನ್‌ಲಿಂಕಿನ ಮೂರು ಪಟ್ಟಿಗಿಂತ ಜಾಸ್ತಿ ಖರ್ಚಾಯಿತು.

ಒಂದು ವಿಷಯದಲ್ಲಿ ನಾನು ಹಟ ಹಿಡಿದದ್ದು ಒಳ್ಳೆಯದಾಯಿತು. ಅಲಾರಂ ಒಳ ಬೇಲಿಗೇ ಹಾಕಿ, ಸುತ್ತಳತೆ ಕಡಿಮೆ, ಖರ್ಚು ಉಳಿಯುತ್ತದೆ ಅಂತ ಗುತ್ತಿಗೆದಾರರು ಹೇಳಿದ್ದರು. ಬೇಡ ಅಂದೆ. ಗೇಟಿನಿಂದ ಹಿಂದಿನ ಮೂಲೆಗೆ ನಡೆದು ಬರಲು ನಮ್ಮ ವಾಚ್‌ಮ್ಯಾನ್‌ಗೆ ಮೂರು ನಿಮಿಷ ಬೇಕು. ಕಳ್ಳ ಒಳ ಬೇಲಿ ಮುಟ್ಟಿದ ಮೇಲೆ ಸೈರನ್ ಕೂಗಿದರೆ ಆ ಮೂರು ನಿಮಿಷ ಎಲ್ಲಿಂದ ತರುವುದು? ಹೊರಗೇ ಕೂಗಬೇಕು, ಒಳಗಿನದು ತಡೆದು ನಿಲ್ಲಿಸಬೇಕು. 2022ರ ಆಟಿ (ಜುಲೈ-ಆಗಸ್ಟ್) ತಿಂಗಳ ಒಂದು ರಾತ್ರಿ ಎರಡು ಗಂಟೆಗೆ ಹಿಂದಿನ ಭಾಗದ ಸೈರನ್ ಕೂಗಿತು. ವಾಚ್‌ಮ್ಯಾನ್ ಟಾರ್ಚ್ ಹಿಡಿದು ಓಡುವಾಗ ಜಲ್ಲಿಯ ಮೇಲೆ ಕಾಲಿನ ಸದ್ದು ಕೇಳಿದೆ. ತಲುಪುವಷ್ಟರಲ್ಲಿ ತೋಡು ದಾಟಿ ಹೋಗಿದ್ದರು. ಹೊರ ಬಲೆ ಕತ್ತರಿಸಿತ್ತು. ಮೆಶ್‌ನಲ್ಲಿ ಸೊಂಟದ ಎತ್ತರಕ್ಕೆ ನಾಲ್ಕು ಗೀರು, ಹಸಿರು ಕೋಟಿಂಗ್ ಎದ್ದು ಬೆಳ್ಳಗೆ ಸತು ಕಾಣುತ್ತಿತ್ತು. ಅಷ್ಟೇ. ಒಂದು ತುಂಡು ಕೇಬಲ್ ಕೂಡ ಹೋಗಲಿಲ್ಲ.

ಇನ್ನು ಕಷ್ಟಗಳು. ಮೊದಲ ಮಳೆಗಾಲ ನಿಜಕ್ಕೂ ಸಾಕುಸಾಕಾಯಿತು. ಜೂನ್ ಮುಗಿಯುವಷ್ಟರಲ್ಲಿ ತೋಡಿನ ಕಡೆಯಿಂದ ಬಳ್ಳಿ ಏರಿ ತಂತಿ ಹಿಡಿಯಿತು. ಒದ್ದೆ ಎಲೆ ತಾಗಿದರೆ ಕರೆಂಟು ನೆಲಕ್ಕೆ ಇಳಿಯುತ್ತದೆ, ವೋಲ್ಟೇಜು ಬೀಳುತ್ತದೆ, ಸೈರನ್ ಕೂಗುತ್ತದೆ. ಒಂದು ಬೆಳಿಗ್ಗೆ ವಾಚ್‌ಮ್ಯಾನ್ ಬಂದು, "ಸರ್, ರಾತ್ರಿ ಹನ್ನೊಂದು ಸಲ ಕೂಗಿತು ಮಾರಾಯ್ರೆ, ಕಡೆಗೆ ನಾನೇ ಆಫ್ ಮಾಡಿದೆ" ಅಂದರು. ಅವರನ್ನು ಬೈಯಲು ಮನಸ್ಸು ಬರಲಿಲ್ಲ. ಈಗ ಜೂನ್‌ನಿಂದ ಸೆಪ್ಟೆಂಬರ್ ತನಕ ಹತ್ತು ದಿನಕ್ಕೊಮ್ಮೆ ಬೇಲಿಯ ಎರಡೂ ಬದಿ ಹುಲ್ಲು ತೆಗೆಸುತ್ತೇನೆ. ಜಲ್ಲಿಯ ಅಡಿಗೆ ದಪ್ಪ ಶೀಟ್ ಹಾಕಿಸಿದೆ. ಈಗ ತಿಂಗಳಿಗೆ ಎರಡೋ ಮೂರೋ ಸುಳ್ಳು ಅಲಾರಂ, ಅದೂ ಹೆಚ್ಚಾಗಿ ನವಿಲು ಕೂತಾಗ.

ಎರಡನೇ ವರ್ಷ ಇನ್ನೂ ದೊಡ್ಡ ತಪ್ಪು ಕಣ್ಣಿಗೆ ಬಿತ್ತು. ಮಳೆ ನೀರು ಚೈನ್‌ಲಿಂಕಿನ ಅಡಿಯ ಮಣ್ಣು ಕೊಚ್ಚಿ ಒಂದೂವರೆ ಅಡಿ ಆಳದ ಗುಂಡಿ ಮಾಡಿತ್ತು. ಒಂದು ನಾಯಿ ಅದರಲ್ಲಿ ನುಸುಳಿ ಆರಾಮಾಗಿ ಜಲ್ಲಿಯ ಮೇಲೆ ಮಲಗಿತ್ತು, ಸೈರನ್ ಮಾತ್ರ ಸುಮ್ಮನಿತ್ತು. ಚಿತ್ರದುರ್ಗದ ಏಳು ಸುತ್ತಿನ ಕೋಟೆಗೂ ಶತ್ರು ನುಗ್ಗಲು ನೋಡಿದ್ದು ಕಿಂಡಿಯಿಂದಲೇ ಅಲ್ವಾ? ಬೇಲಿಯ ಉದ್ದಕ್ಕೂ ಕಾಂಕ್ರೀಟ್ ಬೀಮ್ ಹಾಕಿ, ನೀರು ಹೋಗುವ ಮೋರಿಗಳಿಗೆ ಕಬ್ಬಿಣದ ಸರಳು ಕೂರಿಸಿದೆವು. ಇದನ್ನು ಶುರುವಿನಲ್ಲೇ ಮಾಡಿಸಿ. ನಮ್ಮ ಕೆಂಪು ಮಣ್ಣು ಇಲ್ಲಿನ ಮಳೆಗೆ ನಿಲ್ಲುವುದಿಲ್ಲ.

ತುಕ್ಕಿನ ವಿಚಾರ. ಹೆದ್ದಾರಿಯ ಆಚೆಗೇ ಕಡಲು. ಮೊದಲು ಹಾಕಿದ ಜಿಐ (ಸತು ಲೇಪಿಸಿದ ಕಬ್ಬಿಣದ) ಸುರುಳಿ ತಂತಿ ಎರಡನೇ ಮಳೆಗಾಲಕ್ಕೆ ಕೆಂಪಾಗಿ ಗೋಡೆಯ ಮೇಲೆ ತುಕ್ಕಿನ ನೀರು ಇಳಿಸಿತು. ಬ್ಲೇಡಿನ ತುದಿ ಕತ್ತರಿಸಿದ ಕಡೆ ಸತುವಿನ ಲೇಪ ಇರುವುದಿಲ್ಲ, ತುಕ್ಕು ಅಲ್ಲಿಂದಲೇ ಹಿಡಿಯುತ್ತದೆ. ಈಗ ಸ್ಟೇನ್‌ಲೆಸ್ ಸ್ಟೀಲ್ ಹಾಕಿದ್ದೇವೆ, ಕಂದು ಕಲೆ ಬಂದಿದೆ, ಗಟ್ಟಿಯಾಗಿದೆ. 358 ಮೆಶ್ ಹಾಟ್ ಡಿಪ್ ಗ್ಯಾಲ್ವನೈಸ್ ಮಾಡಿ (ಕರಗಿದ ಸತುವಿನಲ್ಲಿ ಅದ್ದಿ) ಮೇಲೆ ಪೌಡರ್ ಕೋಟ್ (ಪುಡಿ ಬಣ್ಣದ ಲೇಪ) ಮಾಡಿದ್ದು. ಐದು ವರ್ಷದಲ್ಲಿ ತುಕ್ಕು ಕಂಡದ್ದು ಸೈಟಿನಲ್ಲಿ ಡ್ರಿಲ್ ಮಾಡಿದ ಆರು ತೂತುಗಳಲ್ಲಿ ಮಾತ್ರ.

ನಟ್ಟು ಬೋಲ್ಟು ನೀವೇ ನಿಂತು ನೋಡಿ. ನಮ್ಮ ಮೆಶ್‌ನ ಒಂದು ಬದಿಗೆ ಗುತ್ತಿಗೆದಾರರು ಸಾಮಾನ್ಯ ನಟ್ಟುಗಳನ್ನು ಹೊರಮುಖವಾಗಿ ಬಿಗಿದಿದ್ದರು. ಅಷ್ಟು ದುಬಾರಿ ಬೇಲಿ, ಬಿಚ್ಚಲು ಒಂದು ಸ್ಪ್ಯಾನರ್ ಸಾಕಿತ್ತು! ಬಿಗಿದ ಮೇಲೆ ತಲೆ ಮುರಿದು ಬೀಳುವ ಶಿಯರ್ ನಟ್ಟು ಹಾಕಿಸಲು ಒಂದು ತಿಂಗಳು ಜಗಳ ಆಡಿದೆ.

ಇನ್ನೊಂದು ಮಾತು, ದಯವಿಟ್ಟು ಗಮನಿಸಿ. ದುಡ್ಡು ಉಳಿಸಲು ಬೇಲಿಗೆ ನೇರ ಲೈನ್ ಕರೆಂಟು ಕೊಡಬೇಡಿ. ಅದು ಜೀವ ತೆಗೆಯುತ್ತದೆ, ಅಪರಾಧವೂ ಹೌದು. ಒಳ್ಳೆಯ ಎನರ್ಜೈಸರ್ ಸೆಕೆಂಡಿಗೆ ಸುಮಾರು ಒಂದು ಸಲ ಕ್ಷಣಮಾತ್ರದ ಹೊಡೆತ ಕೊಡುತ್ತದೆ. ಜೋರಾಗಿ ಹೊಡೆಯುತ್ತದೆ, ಆದರೆ ಹಿಡಿದುಕೊಳ್ಳುವುದಿಲ್ಲ. ಅದಕ್ಕೂ ಎಚ್ಚರಿಕೆಯ ಬೋರ್ಡ್ ಬೇಕೇ ಬೇಕು. ನಾವು ಕನ್ನಡ, ಹಿಂದಿ ಎರಡರಲ್ಲೂ ಬರೆಸಿ, ಓದಲು ಬಾರದವರಿಗೆ ಚಿತ್ರವನ್ನೂ ಹಾಕಿಸಿದ್ದೇವೆ.

ಈಗ ಬಾಕಿ ಇರುವುದು ಗೇಟು. ಜಾರುವ ಗೇಟಿನ ಅಡಿಯಲ್ಲಿ ಇನ್ನೂ ಒಂದು ಗೇಣು ಸಂದಿ ಇದೆ, ಅಲ್ಲಿ ಪಲ್ಸ್ ತಂತಿಯೂ ಇಲ್ಲ. ಮೇ ತಿಂಗಳೊಳಗೆ ಹಳಿ ಎತ್ತರಿಸಿ ಕೆಳಗೊಂದು ಪಟ್ಟಿ ವೆಲ್ಡ್ ಮಾಡಿಸಬೇಕು, ಮಳೆ ಹಿಡಿದರೆ ಆ ಕೆಲಸ ಆಗುವುದಿಲ್ಲ.